ಕೇಳ್ರಿ, ಹೇಳ್ತೀವಿ: ಪಿಜ್ಜಾದ ತಳ ಎತ್ತಿ ನೋಡ್ರಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಿಜ್ಜಾದ ಬಗ್ಗೆಯೇ ಇದ್ದವು. ದೊಡ್ಡ ಕಂಪನಿಗಳ ಮಳಿಗೆಯಲ್ಲಿ ಎಲ್ಲವೂ ಅಳತೆ ಕಟ್ಟಿಟ್ಟಂತೆ ಬರುತ್ತದೆ. ಊರಿನವರೇ ನಡೆಸುವ ಅಂಗಡಿಯಲ್ಲಿ ಹಾಗಲ್ಲ. ಅಲ್ಲಿ ಕೈಗುಣ ಇರುತ್ತದೆ, ಕೈತಪ್ಪೂ ಇರುತ್ತದೆ. ಆದ್ದರಿಂದ ಊರಿನ ಅಂಗಡಿಗೆ ಹೋಗಿ ಕೂತು ತಿನ್ನುವವರ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮನ್ಯಾಗ ಏಳು ಮಂದಿ ಇದ್ದೀವಿ. ಕಲಬುರಗಿಗೆ ಬಂದ್ರ ಸಾಕು, ಹುಡುಗರು ಪಿಜ್ಜಾ ಅಂಗಡಿಗೆ ಎಳೀತಾವ. ಒಬ್ಬೊಬ್ಬರಿಗೆ ಒಂದೊಂದು ಸಣ್ಣದು ಹೇಳಬೇಕೋ, ದೊಡ್ಡದು ಹೇಳಿ ಹಂಚ್ಕೋಬೇಕೋ? ಎರಡು ಸಣ್ಣದು ಸೇರಿದ್ರ ಒಂದು ದೊಡ್ಡದು ಆಗಂಗಿಲ್ಲೇನು?
— ಗೃಹಿಣಿ, ಆಳಂದ

ಆಗುವುದಿಲ್ಲ. ಮೆನುವಿನಲ್ಲಿ ಬರೆದಿರುವ ಇಂಚು ಅಡ್ಡಗಲದ ಅಳತೆ. ನಿಮ್ಮ ಹೊಟ್ಟೆಗೆ ಹೋಗುವುದು ಇಡೀ ವೃತ್ತದ ವಿಸ್ತೀರ್ಣ. 7 ಇಂಚಿನ ಪಿಜ್ಜಾ 38.5 ಚದರ ಇಂಚು, 10 ಇಂಚಿನದು 78.5, 12 ಇಂಚಿನದು 113. ಅಂದರೆ 7 ಇಂಚಿನ ಎರಡು ಸೇರಿದರೆ 10 ಇಂಚಿನ ಒಂದಕ್ಕೆ ಸಮ ಬರುತ್ತದೆ, 12 ಇಂಚಿನ ಒಂದಕ್ಕೆ ಸಮ ಬರಲು ಮೂರು ಬೇಕು.

ಇದರ ಜೊತೆಗೆ ಅಂಚಿನ ಲೆಕ್ಕವೂ ಇದೆ. ಸುತ್ತಲೂ ಮುಕ್ಕಾಲು ಇಂಚು ಖಾಲಿ ಅಂಚು ಬಿಟ್ಟರು ಎಂದುಕೊಳ್ಳಿ. 7 ಇಂಚಿನ ಪಿಜ್ಜಾದಲ್ಲಿ ಸಾಸು, ಚೀಸು ಇರುವ ಜಾಗ ನೂರಕ್ಕೆ 62 ಪಾಲು ಮಾತ್ರ. 12 ಇಂಚಿನದರಲ್ಲಿ 77 ಪಾಲು. ಸಣ್ಣದನ್ನು ತಿಂದವರಿಗೆ ‘ಬರೇ ಬ್ರೆಡ್ ತಿಂದಂಗಾತು’ ಅನ್ನಿಸುವುದು ಇದಕ್ಕೇ.

ಈಗ ನಿಮ್ಮ ಏಳು ಮಂದಿಯ ಲೆಕ್ಕ. ಉದಾಹರಣೆಗೆ 7 ಇಂಚಿಗೆ 150, 10 ಇಂಚಿಗೆ 280, 12 ಇಂಚಿಗೆ 400 ರೂಪಾಯಿ ಎಂದು ಇಟ್ಟುಕೊಳ್ಳೋಣ. ಒಬ್ಬರಿಗೊಂದು ಸಣ್ಣದು ಎಂದರೆ 1,050 ರೂಪಾಯಿಗೆ 269 ಚದರ ಇಂಚು. 12 ಇಂಚಿನ ಎರಡು, 7 ಇಂಚಿನ ಒಂದು ಹೇಳಿದರೆ 950 ರೂಪಾಯಿಗೆ 265 ಚದರ ಇಂಚು, ಅದರಲ್ಲಿ ಅಂಚು ಕಡಿಮೆ. ಆ ಸಣ್ಣದನ್ನು ಮಕ್ಕಳಿಗೆಂದು ಖಾರವಿಲ್ಲದೆ, ಬರೀ ಚೀಸ್ ಹಾಕಿಸಿ. ಗಾರ್ಲಿಕ್ ಬ್ರೆಡ್ಡೂ ಬೇಕೆನ್ನುವವರಿದ್ದರೆ 10 ಇಂಚಿನ ಮೂರು ಸಾಕು.

ರುಚಿ ಬೇರೆ ಬೇರೆ ಬೇಕಾದರೆ ‘ಅರ್ಧ ಅರ್ಧ ಮಾಡ್ತೀರಾ’ ಎಂದು ಕೇಳಿ. ಹೆಚ್ಚಿನ ಕಡೆ ಮಾಡುತ್ತಾರೆ, ಆದರೆ ಎರಡರಲ್ಲಿ ದುಬಾರಿಯದ್ದರ ದರ ಹಾಕುವುದು ರೂಢಿ. ಹೇಳುವ ಮೊದಲೇ ದರ ಕೇಳಿಕೊಳ್ಳಿ. ಅಂಗಡಿಯ ಓವನ್ ಸಣ್ಣದಿದ್ದರೆ ಮೂರನ್ನೂ ಒಟ್ಟಿಗೆ ಹೇಳಬೇಡಿ. ಮೊದಲನೆಯದು ಟೇಬಲ್ಲಿಗೆ ಬಂದ ಕೂಡಲೇ ಎರಡನೆಯದನ್ನು ಒಳಗೆ ಇಡಲು ಹೇಳಿದರೆ ಎರಡೂ ಬಿಸಿ ಸಿಗುತ್ತವೆ. ಪಿಜ್ಜಾ ಆರಿದ ಮೇಲೆ ಅದಕ್ಕೆ ಕೊಟ್ಟ ದುಡ್ಡು ದಂಡ.

ಪ್ರಶ್ನೆ: ಎರಡು ಸಲ ಹೋದಾಗಲೂ ಪಿಜ್ಜಾ ಮೇಲೆ ಕಂದು ಬಣ್ಣ ಚೆನ್ನಾಗಿ ಬಂದಿತ್ತು, ನಡುವೆ ಮಾತ್ರ ಹಸಿಹಸಿ. ತುಂಡು ಎತ್ತಿದರೆ ತುದಿ ಜೋತು ಬಿದ್ದು ಚೀಸೆಲ್ಲ ತಟ್ಟೆಗೆ ಜಾರಿತು. ಕಾರಣವೇನು? ವಾಪಸ್ ಕೊಡಬಹುದೇ?
— ಕಾಲೇಜು ಉಪನ್ಯಾಸಕರು, ಕಲಬುರಗಿ

ವಾಪಸ್ ಕೊಡಬಹುದು, ಕೊಡಬೇಕು. ಆದರೆ ತಿನ್ನಲು ಶುರು ಮಾಡುವ ಮೊದಲು. ಪಿಜ್ಜಾ ಬಂದ ಕೂಡಲೇ ಒಂದು ತುಂಡಿನ ಅಂಚನ್ನು ಬೆರಳಲ್ಲಿ ಎತ್ತಿ ತಳ ನೋಡಿ. ಈ ಭಾಗದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಹಂಚಿನ ಮೇಲಿನ ರೊಟ್ಟಿ ಬೆಂದಿದೆಯೋ ಇಲ್ಲವೋ ಎಂದು ಮಗುಚಿ ನೋಡುವ ಅದೇ ಕಣ್ಣು ಇಲ್ಲಿಯೂ ಸಾಕು. ತಳದಲ್ಲಿ ಅಲ್ಲಲ್ಲಿ ಕಂದು ಚುಕ್ಕೆ, ನಡುನಡುವೆ ಹೊನ್ನಿನ ಬಣ್ಣ ಇದ್ದರೆ ಬೆಂದಿದೆ. ಸುಣ್ಣದ ಗೋಡೆಯ ಹಾಗೆ ಬೆಳ್ಳಗಿದ್ದು, ಉಗುರು ತಾಗಿಸಿದರೆ ಗುಳಿ ಬಿದ್ದು ಹಾಗೇ ಉಳಿದರೆ ಹಸಿ. ‘ತಳ ಬೆಂದಿಲ್ಲ, ಇನ್ನೆರಡು ನಿಮಿಷ ಒಳಗ ಇಡ್ರಿ’ ಎಂದು ಹೇಳಿ. ತಟ್ಟೆ ಅಥವಾ ಟ್ರೇ ಮೇಲೆ ಅಲ್ಲ, ಓವನ್ನಿನ ಕಾದ ಕಲ್ಲು ಅಥವಾ ಜಾಲರಿಯ ಮೇಲೆ ನೇರವಾಗಿ ಇಡಲು ಹೇಳುವುದು ಮುಖ್ಯ. ತಣ್ಣನೆ ಟ್ರೇ ಮೇಲೆ ಇಟ್ಟರೆ ಮೇಲಿನ ಚೀಸ್ ಇನ್ನಷ್ಟು ಕಂದಾಗುತ್ತದೆ, ತಳ ಹಸಿಯಾಗಿಯೇ ಉಳಿಯುತ್ತದೆ.

ಮೇಲೆ ಬೆಂದು ಕೆಳಗೆ ಬೇಯದಿರಲು ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು.

ಮೊದಲನೆಯದು ಓವನ್ನಿನ ಕಾವು. ಸಣ್ಣ ಅಂಗಡಿಗಳ, ಕಲ್ಲುಹಾಸಿನ ಮೇಲೆ ಬೇಯಿಸುವ ಡೆಕ್ ಓವನ್ 280ರಿಂದ 320 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರೆಂಟು ನಿಮಿಷಕ್ಕೆ ಪಿಜ್ಜಾ ಬೇಯಿಸುತ್ತದೆ. ಬೆಲ್ಟಿನ ಮೇಲೆ ಸಾಗುವ ಕನ್ವೇಯರ್ ಓವನ್ 240ರಿಂದ 280 ಡಿಗ್ರಿಯಲ್ಲಿ ಐದಾರು ನಿಮಿಷ ತೆಗೆದುಕೊಳ್ಳುತ್ತದೆ. ಕಟ್ಟಿಗೆ ಒಲೆಯಲ್ಲಿ 430 ಡಿಗ್ರಿ ದಾಟಿದರೆ ಒಂದೂವರೆ ನಿಮಿಷ ಸಾಕು. ಇಟಲಿಯ ನೇಪಲ್ಸ್ ಊರಿನ ಸಾಂಪ್ರದಾಯಿಕ ಪಿಜ್ಜಾ ಮಾಡುವ ರೀತಿ ಅದೇ. ಆ ಕಲೆಯನ್ನು ಯುನೆಸ್ಕೋ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಡೆಕ್ ಓವನ್ನಿನಲ್ಲಿ ಒಳಗಿನ ಗಾಳಿ ಹತ್ತು ಹದಿನೈದು ನಿಮಿಷಕ್ಕೇ ಕಾಯುತ್ತದೆ, ಆದರೆ ಕಲ್ಲು ಕಾಯಲು ಮುಕ್ಕಾಲು ತಾಸಿನಿಂದ ಒಂದು ತಾಸು ಬೇಕು. ಅಂಗಡಿ ತೆರೆದ ಕೂಡಲೇ ಹೋದರೂ, ಕರೆಂಟ್ ಹೋಗಿ ಬಂದ ಬೆನ್ನಲ್ಲೇ ಹೋದರೂ ಸಿಗುವುದು ಗಾಳಿ ಕಾದು ಕಲ್ಲು ಕಾಯದ ಪಿಜ್ಜಾ. ಒಂದರ ಹಿಂದೆ ಒಂದು ಇಡುತ್ತ ಹೋದಾಗಲೂ ಕಲ್ಲು ಆರುತ್ತದೆ. ಭಾನುವಾರ ರಾತ್ರಿ ಎಂಟೂವರೆಯ ನೂಕುನುಗ್ಗಲಿಗೆ ಹೋದರೆ ನಿಮ್ಮ ಪಾಲಿಗೆ ಅದೇ ಆರಿದ ಕಲ್ಲು. ಆರೂವರೆ ಏಳಕ್ಕೆ ಹೋಗುವುದು ಲೇಸು.

ಎರಡನೆಯದು ನೀರು. ಟೊಮ್ಯಾಟೊ, ದೊಣ್ಣಮೆಣಸಿನಕಾಯಿ, ಅಣಬೆ ಎಲ್ಲದರಲ್ಲೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ. 10 ಇಂಚಿನ ಪಿಜ್ಜಾಕ್ಕೆ 60-70 ಗ್ರಾಂ ಸಾಸು, 80-100 ಗ್ರಾಂ ಚೀಸು, ಅಷ್ಟೇ ತೂಕದ ತರಕಾರಿ ಹದ. ‘ಎಲ್ಲಾ ಹಾಕಿ’ ಎಂದು ನಾವೇ ಹೇಳಿ ತರಕಾರಿ 200 ಗ್ರಾಂ ಆದರೆ ಅದು ಬಿಟ್ಟ ನೀರು ಕೆಳಗಿಳಿದು ಹಿಟ್ಟನ್ನು ಬೇಯಿಸುವ ಬದಲು ಕುದಿಸುತ್ತದೆ. ಸ್ವೀಟ್ ಕಾರ್ನ್ ಫ್ರೀಜರಿನಿಂದ ನೇರ ಬಂದಿದ್ದರಂತೂ ಮುಗಿಯಿತು. ಒಂದು ಪಿಜ್ಜಾಕ್ಕೆ ಮೂರು ಬಗೆಯ ಮೇಲೋಗರ ಸಾಕು. ಎಕ್ಸ್‌ಟ್ರಾ ಚೀಸ್ ಹಾಕಿಸಿದರೆ ತರಕಾರಿಯಲ್ಲಿ ಒಂದನ್ನು ಬಿಡಿಸಿ.

ಮೂರನೆಯದು ಹಿಟ್ಟನ್ನು ಹರಡುವ ಕೈ. ನಡುವೆ ದಪ್ಪ, ಅಂಚಿಗೆ ತೆಳ್ಳಗೆ ತಟ್ಟಿದರೆ ಅಂಚು ಕರಕಾಗುತ್ತದೆ, ನಡು ಹಸಿ ಉಳಿಯುತ್ತದೆ. ರೊಟ್ಟಿ ಬಡಿಯುವ ಕೈ ಇದನ್ನು ಒಪ್ಪುವುದೇ ಇಲ್ಲ.

ಹೊರಗೆ ಬಂದ ತಕ್ಷಣ ಕತ್ತರಿಸಿದರೂ ಚೀಸ್ ಜಾರುತ್ತದೆ. ಒಂದೆರಡು ನಿಮಿಷ ಬಿಟ್ಟರೆ ಬಿಗಿದುಕೊಳ್ಳುತ್ತದೆ. ಅಷ್ಟರಲ್ಲಿ ಬಾಯಿ ಸುಡುವ ಅಪಾಯವೂ ತಪ್ಪುತ್ತದೆ. ಮೇಲಿನ ಚೀಸ್ ಆರಿದಂತೆ ಕಂಡರೂ ಅದರ ಕೆಳಗಿನ ಸಾಸು ಬಹಳ ಹೊತ್ತು ಬಿಸಿ ಹಿಡಿದಿರುತ್ತದೆ. ಮಕ್ಕಳಿಗೆ ಕೊಡುವಾಗ ಇದು ನೆನಪಿರಲಿ.

ಪ್ರಶ್ನೆ: ಅಂಗಡಿಯಲ್ಲೇ ಹಿಟ್ಟು ಕಲಸಿ ಮಾಡಿದ್ದೋ, ಪ್ಯಾಕೆಟ್ಟಿನ ರೆಡಿಮೇಡ್ ಬೇಸೋ ಗುರುತಿಸುವುದು ಹೇಗೆ?
— ಬಿ.ಇ. ವಿದ್ಯಾರ್ಥಿ, ಬೀದರ್

ಇದಕ್ಕೂ ತಳವೇ ಸಾಕ್ಷಿ. ರೆಡಿಮೇಡ್ ಬೇಸಿನ ಅಡಿಯಲ್ಲಿ ಒಂದೇ ಅಂತರದ ಸಾಲು ಸಾಲು ತೂತುಗಳಿರುತ್ತವೆ, ಅಂಚು ಡಬ್ಬಿಯ ಮುಚ್ಚಳ ಒತ್ತಿ ತೆಗೆದಂತೆ ದುಂಡಗೆ, ದಪ್ಪ ಎಲ್ಲ ಕಡೆ ಒಂದೇ. ಅಂಚು ಮುರಿದರೆ ಒಳಗೆ ಬನ್ನಿನಂತೆ ಸಣ್ಣ ರಂಧ್ರ, ತುಸು ಸಿಹಿ. ಕೈಯಲ್ಲಿ ಹರಡಿದ್ದಕ್ಕೆ ಅಂಚಿನಲ್ಲಿ ಒಂದು ಕಡೆ ಗುಳ್ಳೆ ಎದ್ದಿರುತ್ತದೆ, ಒಂದು ಕಡೆ ಇರುವುದಿಲ್ಲ. ದುಂಡೂ ಅಷ್ಟಕ್ಕಷ್ಟೇ. ರೆಡಿಮೇಡ್ ಬಳಸುವುದು ಅಪರಾಧವೇನಲ್ಲ. ‘ಫ್ರೆಶ್ ಡೋ’ ಎಂದು ಬೋರ್ಡು ಹಾಕಿ ಅದನ್ನೇ ಕೊಟ್ಟರೆ ಕೇಳುವ ಹಕ್ಕು ನಿಮ್ಮದು.

ಪ್ರಶ್ನೆ: ಜಾಹೀರಾತಿನಲ್ಲಿ ಚೀಸ್ ಎಳೆ ಎಳೆಯಾಗಿ ಮಾರುದ್ದ ಎಳೆಯುತ್ತದೆ. ನಮ್ಮೂರಿನ ಅಂಗಡಿಯದು ಎಳೆಯುವುದೇ ಇಲ್ಲ, ಪೇಸ್ಟಿನ ಹಾಗೆ ಇರುತ್ತದೆ. ನಕಲಿ ಚೀಸೇ? ಬೆಂಕಿ ಕಡ್ಡಿ ಹಿಡಿದು ಪರೀಕ್ಷಿಸಬಹುದೆಂದು ಮೊಬೈಲಿನಲ್ಲಿ ನೋಡಿದೆ.
— ಅಂಗಡಿ ಮಾಲೀಕರು, ಯಾದಗಿರಿ

ಬೆಂಕಿ ಕಡ್ಡಿ ಪರೀಕ್ಷೆಯನ್ನು ಬಿಟ್ಟುಬಿಡಿ. ನೇರ ಉರಿಗೆ ಹಿಡಿದರೆ ಒಳ್ಳೆಯ ಚೀಸೂ ಕಪ್ಪಾಗುತ್ತದೆ, ವಾಸನೆ ಬರುತ್ತದೆ. ಅದರಿಂದ ಏನೂ ಗೊತ್ತಾಗುವುದಿಲ್ಲ.

ಎಳೆ ಬರುವುದು ಪಿಜ್ಜಾಕ್ಕೆ ಹಾಕುವ ಮೊಝರೆಲ್ಲಾ ಎಂಬ ಚೀಸ್ ಮಾಡುವ ಕ್ರಮದಿಂದ. ಹಾಲು ಹೆಪ್ಪುಗಟ್ಟಿಸಿ ಬಂದ ಗಟ್ಟಿಯನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ಎಳೆದು ಮಡಚುತ್ತಾರೆ. ಆಗ ಹಾಲಿನ ಕೇಸಿನ್ ಎಂಬ ಪ್ರೋಟೀನು ನೂಲಿನಂತೆ ಒಂದೇ ದಿಕ್ಕಿಗೆ ಜೋಡಿಸಿಕೊಳ್ಳುತ್ತದೆ. ಓವನ್ನಿನಲ್ಲಿ ಕರಗಿದಾಗ ಎಳೆಯುವುದು ಆ ನೂಲು. ನಿಮಗೆ ಪೇಸ್ಟಿನಂತೆ ಸಿಕ್ಕಿದ್ದು ಮೂರು ಬಗೆಯದ್ದಾಗಿರಬಹುದು.

ಒಂದು, ಪ್ರೋಸೆಸ್ಡ್ ಚೀಸ್. ಕ್ಯೂಬ್, ಸ್ಲೈಸ್ ರೂಪದಲ್ಲಿ ಸಿಗುವಂಥದ್ದು. ಅದಕ್ಕೆ ಸೇರಿಸುವ ಲವಣಗಳು ಕೇಸಿನ್ನಿನ ಕಟ್ಟನ್ನು ಸಡಿಲಿಸುವುದರಿಂದ ನುಣ್ಣಗೆ ಹರಿಯುತ್ತದೆ, ಎಳೆಯುವುದಿಲ್ಲ. ಅದೂ ಹಾಲಿನದ್ದೇ, ನಕಲಿಯಲ್ಲ. ಮೊಝರೆಲ್ಲಾ ಜೊತೆ ಸ್ವಲ್ಪ ಬೆರೆಸಿದರೆ ಉಪ್ಪು, ರುಚಿ ಏರುತ್ತದೆಂದು ಅನೇಕರು ಬೆರೆಸುತ್ತಾರೆ. ಎರಡು, ‘ಲಿಕ್ವಿಡ್ ಚೀಸ್’ ಎಂಬ ಸಾಸು. ಅದರಲ್ಲಿ ನೀರು, ಪಿಷ್ಟ, ಎಣ್ಣೆಯ ಪಾಲು ಇರುತ್ತದೆ. ಮೂರು, ಅನಲಾಗ್. ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆಯಂಥ ಸಸ್ಯಜನ್ಯ ಎಣ್ಣೆ, ಪಿಷ್ಟ ಸೇರಿಸಿ ಮಾಡಿದ್ದು. ಇದು ಅಗ್ಗ. ಇದನ್ನು ಬಳಸಬಾರದೆಂದಿಲ್ಲ, ಆದರೆ ಚೀಸ್ ಎಂದು ಹೆಸರಿಟ್ಟು ಮಾರುವಂತಿಲ್ಲ.

ಟೇಬಲ್ ಮೇಲೆ ಗಮನಿಸಬಹುದಾದ್ದು ಇಷ್ಟು. ಮೊಝರೆಲ್ಲಾ ಬೆಂದಾಗ ಬಿಳಿ ಹಿನ್ನೆಲೆಯಲ್ಲಿ ಅಲ್ಲಲ್ಲಿ ಕಂದು ಗುಳ್ಳೆ ಏಳುತ್ತದೆ. ಅನಲಾಗ್ ಹೆಚ್ಚಿರುವುದು ಒಂದೇ ಬಣ್ಣದಲ್ಲಿ ಮಿರುಗುತ್ತದೆ, ತಿಂದ ಮೇಲೆ ಅಂಗುಳಕ್ಕೆ ಜಿಡ್ಡು ಮೆತ್ತಿದಂತೆ ಉಳಿಯುತ್ತದೆ. ಆದರೆ ಇದನ್ನೂ ಕೋರ್ಟಿನ ಸಾಕ್ಷಿಯ ಹಾಗೆ ಹಿಡಿಯಬೇಡಿ. ಹೆಚ್ಚು ಬೆಂದರೆ ಅಸಲಿ ಮೊಝರೆಲ್ಲಾವೂ ಎಣ್ಣೆ ಬಿಡುತ್ತದೆ, ಆರಿದರೆ ಅದೂ ರಬ್ಬರಿನಂತಾಗುತ್ತದೆ. ಪಕ್ಕಾ ಗೊತ್ತಾಗಬೇಕಾದರೆ ‘ಯಾವ ಚೀಸ್ ಹಾಕ್ತೀರಿ, ಪ್ಯಾಕೆಟ್ ತೋರಿಸ್ರಿ’ ಎಂದು ಕೌಂಟರಿನಲ್ಲಿ ಕೇಳಿ. ಮುಚ್ಚಿಡುವುದೇನೂ ಇಲ್ಲದ ಅಂಗಡಿಯವರು ತಂದು ತೋರಿಸುತ್ತಾರೆ. ಪ್ಯಾಕೆಟ್ಟಿನಲ್ಲಿ ಸಾಮಗ್ರಿಗಳ ಸಾಲು ಓದಿ. ಹಾಲಿನ ನಂತರ ಎಣ್ಣೆಯ ಹೆಸರು ಬಂದರೆ ಉತ್ತರ ಸಿಕ್ಕಿತು. ಅನುಮಾನ ಬಲವಾಗಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬಹುದು. ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಅವರದು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಶ್ರಾವಣದಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿಯನ್ನೂ ಬಿಡುತ್ತೇವೆ. ಚೀಸಿನಲ್ಲಿ ಕರುವಿನ ಹೊಟ್ಟೆಯ ಪದಾರ್ಥ ಇರುತ್ತದೆಂದು ಯಾರೋ ಹೇಳಿದರು. ನಿಜವೇ?
— ಓದುಗರು, ಹುಮನಾಬಾದ್

ಹಾಲು ಹೆಪ್ಪುಗಟ್ಟಿಸುವ ರೆನೆಟ್ ಎಂಬ ಕಿಣ್ವವನ್ನು ಯುರೋಪಿನಲ್ಲಿ ಹಿಂದಿನಿಂದ ಕರುವಿನ ಜಠರದಿಂದ ತೆಗೆಯುತ್ತಿದ್ದರು, ಇಟಲಿಯ ಪಾರ್ಮಿಜಾನೋ (ಪಾರ್ಮೆಸನ್) ಚೀಸಿಗೆ ಈಗಲೂ ಅದೇ. ನಮ್ಮ ದೇಶದ ಆಹಾರ ನಿಯಮ ಚೀಸಿಗೆ ಪ್ರಾಣಿಮೂಲವಲ್ಲದ ರೆನೆಟ್ ಬಳಸಬೇಕೆನ್ನುತ್ತದೆ. ಆದ್ದರಿಂದ ಇಲ್ಲಿ ತಯಾರಾದ ಚೀಸಿನ ಬಗ್ಗೆ ಆ ಭಯ ಬೇಡ, ಹಸಿರು ಚುಕ್ಕೆ ನೋಡಿಕೊಳ್ಳಿ. ವಿದೇಶದಿಂದ ಬಂದ ‘ಪಾರ್ಮೆಸನ್’ ಉದುರಿಸುತ್ತೇವೆ ಎಂದರೆ ಮಾತ್ರ ಬೇಡವೆನ್ನಿ.

ಎಡವಟ್ಟಾಗುವುದು ಬೇರೆ ಕಡೆ. ‘ಉಳ್ಳಾಗಡ್ಡಿ ಹಾಕಬ್ಯಾಡ್ರಿ’ ಎಂದರೆ ಅಡುಗೆಯವರು ಮೇಲಿನ ಹೋಳು ಬಿಡುತ್ತಾರೆ, ಆದರೆ ಕೆಂಪು ಸಾಸಿನೊಳಗೆ ಬಳ್ಳೊಳ್ಳಿ, ಉಳ್ಳಾಗಡ್ಡಿ ಮೊದಲೇ ಬೆಂದು ಸೇರಿಹೋಗಿರುತ್ತವೆ. ಪನೀರಿಗೆ ಹಚ್ಚಿದ ಮಸಾಲೆಯಲ್ಲಿ, ಅಂಚಿಗೆ ಸವರುವ ಬೆಣ್ಣೆಯಲ್ಲಿ, ಕೆಲವು ಕಡೆ ಟೇಬಲ್ ಮೇಲಿನ ಒರಿಗ್ಯಾನೊ ಮಿಶ್ರಣದಲ್ಲೂ ಬಳ್ಳೊಳ್ಳಿ ಪುಡಿ ಇರುತ್ತದೆ. ‘ಜೈನ್ ಪಿಜ್ಜಾ ಇದೆಯೇ, ಅದಕ್ಕೆ ಸಾಸು ಬೇರೆ ಮಾಡುತ್ತೀರಾ’ ಎಂದು ಕೇಳಿದರೆ ಇಷ್ಟೂ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಇಲ್ಲವೆಂದರೆ ಸಾಸಿನ ಬದಲು ಹಸಿ ಟೊಮ್ಯಾಟೊ ತೆಳ್ಳಗೆ ಹೆಚ್ಚಿ ಹಾಕಲು ಹೇಳಿ.

ಮಾಂಸಾಹಾರವೂ ಮಾಡುವ ಅಂಗಡಿಯಾದರೆ ಓವನ್ನಿಗಿಂತ ಹೆಚ್ಚು ಗಮನ ಕೊಡಬೇಕಾದ್ದು ಕತ್ತರಿಸುವ ಚಕ್ರಕ್ಕೆ, ಹಲಗೆಗೆ. ಒಂದೇ ಚಕ್ರದಲ್ಲಿ ಚಿಕನ್ ಪಿಜ್ಜಾ ಕೊಯ್ದು ಅದರಲ್ಲೇ ನಿಮ್ಮದನ್ನೂ ಕೊಯ್ಯುತ್ತಾರೆ. ‘ಕತ್ತರಿಸದೇ ಕೊಡ್ರಿ, ಒಂದು ತೊಳೆದ ಚಾಕು ಕೊಡ್ರಿ’ ಎಂದರೆ ಆಯಿತು.

ಪ್ರಶ್ನೆ: ನಮ್ಮ ಆಯಿಗಿ ಹಲ್ಲಿಲ್ಲ, ಸಕ್ಕರಿ ಕಾಯಿಲೆನೂ ಅದ. ಮೊಮ್ಮಕ್ಕಳ ಸಂಗಟ ಕೂತು ತಿನಬೇಕಂತಾಳ. ಏನು ಹೇಳೋದ್ರಿ?
— ಚಿತ್ತಾಪುರ

ತಿನ್ನಲಿ ಬಿಡಿ. ‘ಥಿನ್ ಕ್ರಸ್ಟ್’ ಹೇಳಬೇಡಿ, ಅದು ಖಡಕ್ ರೊಟ್ಟಿಯ ತಮ್ಮ, ವಸಡಿಗೆ ಚುಚ್ಚುತ್ತದೆ. ಪ್ಯಾನಿನಲ್ಲಿ ಬೇಯಿಸಿದ ಮೆತ್ತನೆಯದು ಹೇಳಿ, ಅಂಚು ಬಿಡಿಸಿ ನಡುವಿನ ಭಾಗ ಕೊಡಿ. ದೊಣ್ಣಮೆಣಸಿನಕಾಯಿಗಿಂತ ಪನೀರು, ಟೊಮ್ಯಾಟೊ ಅಗಿಯಲು ಸುಲಭ. ಸಕ್ಕರೆ ಕಾಯಿಲೆಗೆ ಮೈದಾ ಒಳ್ಳೆಯದಲ್ಲ ಎಂಬುದು ಗೊತ್ತೇ ಇದೆ, ಒಂದೆರಡು ತುಂಡಿಗೆ ನಿಲ್ಲಿಸಿ, ಆ ಹೊತ್ತಿನ ಅನ್ನ ರೊಟ್ಟಿ ಬಿಡಿಸಿ. ಜೊತೆಗೆ ಕೋಲಾ ಕುಡಿಸುವುದೇ ದೊಡ್ಡ ತಪ್ಪು. 250 ಮಿ.ಲೀ. ಬಾಟಲಿಯಲ್ಲಿ ಸುಮಾರು 25 ಗ್ರಾಂ, ಅಂದರೆ ಐದಾರು ಚಮಚ ಸಕ್ಕರೆ ಇರುತ್ತದೆ. ಸಿಕ್ಕರೆ ಮಜ್ಜಿಗೆ, ಇಲ್ಲವಾದರೆ ನೀರು.

ಪ್ರಶ್ನೆ: ಕೈಯಿಂದ ತಿನ್ನಬೇಕೋ, ಫೋರ್ಕ್–ಚಾಕು ಬಳಸಬೇಕೋ?
— ಶಹಾಬಾದ್

ಕೈಯಿಂದ. ತುದಿ ಜೋತರೆ ತುಂಡನ್ನು ಉದ್ದಕ್ಕೆ ಸ್ವಲ್ಪ ಮಡಚಿ ಹಿಡಿಯಿರಿ, ನೆಟ್ಟಗೆ ನಿಲ್ಲುತ್ತದೆ.

ಪ್ರಶ್ನೆ: ಒಂದು ಅಂಗಡಿಯ ಪಿಜ್ಜಾ ಚಳಿಗಾಲದಲ್ಲಿ ಬಹಳ ರುಚಿ. ಏಪ್ರಿಲ್–ಮೇದಲ್ಲಿ ಅದೇ ಅಂಗಡಿಯದು ಹುಳಿ ವಾಸನೆ, ಬಿಳಿಚಿಕೊಂಡ ಅಂಚು. ಹಳೆಯ ಹಿಟ್ಟು ಬಳಸುತ್ತಾರೆಯೇ?
— ಬ್ಯಾಂಕ್ ಉದ್ಯೋಗಿ, ಕಲಬುರಗಿ

ಹಳೆಯದೇ ಆಗಿರಬೇಕೆಂದಿಲ್ಲ, ಬೆಳಗ್ಗೆ ಕಲಸಿದ್ದೂ ಸಂಜೆಗೆ ಹಾಗಾಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಓವನ್ ಉರಿಯುವ ಅಡುಗೆಮನೆಯ ಸೆಕೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಯೀಸ್ಟ್ ಬೆಚ್ಚಗಿದ್ದಷ್ಟೂ ಚುರುಕು. ಚಳಿಗಾಲದಲ್ಲಿ ಮೂರು ನಾಲ್ಕು ತಾಸಿಗೆ ಉಬ್ಬುವ ಹಿಟ್ಟು ಬೇಸಿಗೆಯಲ್ಲಿ ಒಂದು ತಾಸಿಗೇ ಉಬ್ಬಿ, ಆಮೇಲೆ ಕುಸಿಯತೊಡಗುತ್ತದೆ. ಹುಳಿ ವಾಸನೆ ಅದರದ್ದು. ಅಂಚು ಬಿಳಿಚುವುದಕ್ಕೂ ಕಾರಣ ಅದೇ: ಹಿಟ್ಟಿನ ಸಕ್ಕರೆಯಂಶವನ್ನೆಲ್ಲ ಯೀಸ್ಟ್ ತಿಂದು ಮುಗಿಸಿದ ಮೇಲೆ ಓವನ್ನಿನಲ್ಲಿ ಕಂದಾಗಲು ಏನೂ ಉಳಿದಿರುವುದಿಲ್ಲ. ಎಷ್ಟು ಹೊತ್ತು ಬೇಯಿಸಿದರೂ ಒಣಗುತ್ತದೆಯೇ ಹೊರತು ಬಣ್ಣ ಬರುವುದಿಲ್ಲ.

ಅಂಗಡಿಯವರು ಇದನ್ನು ಓದುತ್ತಿದ್ದರೆ: ಒಂದು ಕಿಲೋ ಮೈದಾಕ್ಕೆ 600 ಮಿ.ಲೀ. ನೀರು, 20-25 ಗ್ರಾಂ ಉಪ್ಪು, ಚಳಿಗಾಲದಲ್ಲಿ 4-5 ಗ್ರಾಂ ಇನ್‌ಸ್ಟಂಟ್ ಯೀಸ್ಟ್ ಹಾಕುತ್ತಿದ್ದರೆ ಬೇಸಿಗೆಯಲ್ಲಿ 2 ಗ್ರಾಮಿಗೆ ಇಳಿಸಿ. ನೀರು ಐಸ್ ಹಾಕಿದ್ದಿರಲಿ. ಕಲಸಿ ಉಂಡೆ ಮಾಡಿದ ಕೂಡಲೇ, ಉಬ್ಬಲು ಕಾಯದೆ, ಮುಚ್ಚಳದ ಡಬ್ಬಿಯಲ್ಲಿ 4 ಡಿಗ್ರಿ ಫ್ರಿಜ್ಜಿಗೆ ಸೇರಿಸಿ, ಮರುದಿನ ಬಳಸಿ. ಬೇಕಾದಷ್ಟೇ ಉಂಡೆಗಳನ್ನು ಅರ್ಧ ತಾಸು ಮೊದಲು ಹೊರತೆಗೆಯಿರಿ. ಇಡೀ ಟ್ರೇಯನ್ನು ಓವನ್ನಿನ ಪಕ್ಕ ಇಟ್ಟುಕೊಳ್ಳುವ ಅಭ್ಯಾಸವೇ ಅರ್ಧ ತೊಂದರೆಯ ಮೂಲ.

ಗಿರಾಕಿಗಳಾದ ನೀವು ಮಾಡಬಹುದಾದ್ದು ಒಂದೇ. ಬೇಸಿಗೆಯಲ್ಲಿ ದಪ್ಪ ಬೇಸಿನದು ಬಿಟ್ಟು ತೆಳ್ಳಗಿನದು ಹೇಳಿ, ಅದರಲ್ಲಿ ಹುಳಿ ಅಷ್ಟು ಕಾಣುವುದಿಲ್ಲ.

ಪ್ರಶ್ನೆ: ಜೋಳದ ಹಿಟ್ಟಿನ ‘ಹೆಲ್ತಿ’ ಪಿಜ್ಜಾ ಎಂದು ಒಂದು ಕಡೆ ಬೋರ್ಡು ನೋಡಿದೆ. ಮಗನಿಗೆ ಗೋಧಿ ಆಗುವುದಿಲ್ಲ, ಸೀಲಿಯಾಕ್ ಕಾಯಿಲೆ. ಅವನಿಗೆ ಕೊಡಿಸಬಹುದೇ?
— ಶಿಕ್ಷಕಿ, ಸುರಪುರ

ಪೂರ್ತಿ ವಿಚಾರಿಸದೆ ಕೊಡಿಸಬೇಡಿ. ಸೀಲಿಯಾಕ್ ಇರುವವರಿಗೆ ಆಗದ್ದು ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು. ಜೋಳದಲ್ಲಿ ಅದು ಇಲ್ಲ, ನಿಜ. ಪಿಜ್ಜಾ ಹಿಟ್ಟು ಎಳೆದರೆ ಹರಿಯದೆ ಹಿಗ್ಗುವುದು, ಗಾಳಿ ಹಿಡಿದು ಉಬ್ಬುವುದು ಗ್ಲುಟೆನ್ನಿನ ಬಲದಿಂದ. ಜೋಳದ ಹಿಟ್ಟಿಗೆ ಆ ಬಲವಿಲ್ಲ. ನಾವು ರೊಟ್ಟಿಗೆ ಕುದಿಯುವ ಎಸರು ಹಾಕಿ ನಾದುವುದು ಏಕೆ? ಬಿಸಿನೀರಿಗೆ ಪಿಷ್ಟ ಅಂಟಾಗಿ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳಲಿ ಎಂದು. ಆದರೂ ಅದನ್ನು ತಟ್ಟಬಹುದು, ಎಳೆಯಲಾಗದು. ಹಾಗಾಗಿ ಅಂಗಡಿಯ ‘ಜೋಳದ ಬೇಸ್’ ಮೆತ್ತಗೆ ಉಬ್ಬಿ ಬಂದಿದೆ ಎಂದರೆ ಅದರಲ್ಲಿ ಮೈದಾ ಬೆರೆತಿದೆ ಎಂದೇ ಅನುಮಾನಿಸಿ. ಅರ್ಧಕ್ಕರ್ಧ ಮೈದಾ ಇದ್ದರೂ ಬೋರ್ಡಿನಲ್ಲಿ ಜೋಳದ ಹೆಸರೇ ಇರುತ್ತದೆ. ಸಾಮಾನ್ಯರಿಗೆ ಅದರಿಂದ ತೊಂದರೆಯಿಲ್ಲ, ನಿಮ್ಮ ಮಗನಿಗೆ ಇದೆ.

ಬೇಸ್ ಬರೀ ಜೋಳದ್ದೇ ಆದರೂ ಕೆಲಸ ಮುಗಿಯಲಿಲ್ಲ. ಅದೇ ಕಟ್ಟೆಯ ಮೇಲೆ ದಿನವಿಡೀ ಮೈದಾ ಉದುರಿಸಿ ಹಿಟ್ಟು ಹರಡುತ್ತಾರೆ, ಪುಡಿ ಗಾಳಿಯಲ್ಲೇ ಇರುತ್ತದೆ, ಓವನ್ನಿನ ಕಲ್ಲಿನ ಮೇಲೂ ಇರುತ್ತದೆ. ಸೀಲಿಯಾಕ್ ಇರುವವರಿಗೆ ಅಷ್ಟು ಸೋಂಕಿದರೂ ಸಾಕು. ಮನೆಯಲ್ಲೇ, ಬೇರೆ ಹಂಚಿನ ಮೇಲೆ ದಪ್ಪನೆ ಜೋಳದ ರೊಟ್ಟಿ ಮುಕ್ಕಾಲು ಬೇಯಿಸಿ, ಮಗುಚಿ, ಸಾಸು ಚೀಸು ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಇಟ್ಟು ಕೊಡಿ. ಜೋಳವನ್ನು ಗೋಧಿ ಬೀಸುವ ಗಿರಣಿಯಲ್ಲಿ ಬೀಸಿಸದಿದ್ದರೆ ಸರಿ.

ಪ್ರಶ್ನೆ: ಬಿಲ್ಲಿನಲ್ಲಿ ಜಿಎಸ್‌ಟಿ ಜೊತೆಗೆ ‘ಸರ್ವಿಸ್ ಚಾರ್ಜ್’ ಶೇ 10 ಹಾಕಿದ್ದರು. ಕೊಡಲೇಬೇಕೆಂದರು. ನೀರಿನ ಬಾಟಲಿಗೂ ಎಂಆರ್‌ಪಿಗಿಂತ ಹೆಚ್ಚು.
— ಗುತ್ತಿಗೆದಾರರು, ಜೇವರ್ಗಿ

ಸರ್ವಿಸ್ ಚಾರ್ಜ್ ಕೊಡಲೇಬೇಕೆಂದಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿ, ಹೋಟೆಲಿನವರು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ ಎನ್ನುತ್ತದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ‘ಇದನ್ನ ತೆಗೆದು ಬಿಲ್ ಮತ್ತೊಮ್ಮೆ ಕೊಡ್ರಿ’ ಎಂದು ಸಮಾಧಾನದಿಂದ ಹೇಳಿ. ಒಪ್ಪದಿದ್ದರೆ ಬಿಲ್ಲಿನ ಫೋಟೋ ತೆಗೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಲೆಕ್ಕ ಹೀಗಿರಬೇಕು. 840 ರೂಪಾಯಿಯ ತಿಂಡಿಗೆ ಜಿಎಸ್‌ಟಿ ಶೇ 5, ಅಂದರೆ ಕೇಂದ್ರದ್ದು 21, ರಾಜ್ಯದ್ದು 21, ಒಟ್ಟು 882. ಸರ್ವಿಸ್ ಚಾರ್ಜ್ 84 ಸೇರಿಸಿದರೆ ಅದರ ಮೇಲೂ ತೆರಿಗೆ ಹತ್ತಿ 970 ರೂಪಾಯಿ 20 ಪೈಸೆ ಆಗುತ್ತದೆ. ಸಣ್ಣ ಅಂಗಡಿಯವರು ಕಾಂಪೊಸಿಷನ್ ಯೋಜನೆಯಲ್ಲಿದ್ದರೆ (ಒಟ್ಟು ವಹಿವಾಟಿನ ಮೇಲೆ ತಾವೇ ಸಣ್ಣ ದರದ ತೆರಿಗೆ ಕಟ್ಟುವ ಪದ್ಧತಿ) ಗಿರಾಕಿಯಿಂದ ಜಿಎಸ್‌ಟಿಯನ್ನು ಬೇರೆಯಾಗಿ ಪಡೆಯುವಂತೆಯೇ ಇಲ್ಲ. ಅಂಥವರು ಕೊಡುವುದು ‘ಬಿಲ್ ಆಫ್ ಸಪ್ಲೈ’. ತೆರಿಗೆ ಹಾಕಿದ ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇದೆಯೇ ನೋಡಿ. ಆಹಾರ ಪರವಾನಗಿ ತೋರಿಸುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ 2022ರ ಜನವರಿಯಿಂದ ಬಿಲ್ಲಿನಲ್ಲಿ ಕಡ್ಡಾಯ.

ನೀರಿನ ವಿಷಯದಲ್ಲಿ ಮಾತ್ರ ನಿಮ್ಮ ವಾದ ನಿಲ್ಲುವುದಿಲ್ಲ. ಕೂರಿಸಿ ಬಡಿಸುವ ಹೋಟೆಲು, ರೆಸ್ಟೋರೆಂಟುಗಳು ಬಾಟಲಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದೆ. ಕೂರುತ್ತಲೇ ವೇಟರ್ ಬಾಟಲಿ ತಂದಿಟ್ಟು ಮುಚ್ಚಳ ತಿರುಗಿಸುವ ಮೊದಲೇ ‘ಸಾದಾ ನೀರು ಕೊಡಪ್ಪಾ’ ಎನ್ನುವುದೇ ಉಪಾಯ.

ಪ್ರಶ್ನೆ: ಉಳಿದ ಪಿಜ್ಜಾವನ್ನು ಕಟ್ಟಿಸಿಕೊಂಡು ಬಸ್ಸಿನಲ್ಲಿ ಊರಿಗೆ ಒಯ್ಯುತ್ತೇವೆ. ಮರುದಿನ ತಿನ್ನಬಹುದೇ? ಬಿಸಿ ಮಾಡಿದರೆ ಚರ್ಮದ ಹಾಗಾಗುತ್ತದೆ.
— ಸೇಡಂ

ಬೇಯಿಸಿದ ಆಹಾರ ಹೊರಗೆ ಎರಡು ತಾಸಿಗಿಂತ ಹೆಚ್ಚು ಇರಬಾರದು. ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ತಾಸು. ಟೇಬಲ್ ಮೇಲೆ ಅರ್ಧ ತಾಸು, ನಿಲ್ದಾಣದಲ್ಲಿ ಕಾದದ್ದು, ಬಸ್ಸಿನಲ್ಲಿ ಕೂತದ್ದು ಎಲ್ಲ ಕೂಡಿಸಿ ನೋಡಿ. ಬೇಸಿಗೆಯ ದಿನ ಚಿಕನ್, ಪನೀರ್ ಹಾಕಿದ್ದನ್ನು ಸೇಡಂ ತನಕ ಒಯ್ಯಬೇಡಿ, ಅಲ್ಲೇ ತಿಂದು ಮುಗಿಸಿ ಅಥವಾ ಒಂದು ಕಡಿಮೆ ಹೇಳಿ. ಚಳಿಗಾಲದ ಸಂಜೆ ನಡೆಯುತ್ತದೆ. ಮನೆ ಮುಟ್ಟಿದ ಕೂಡಲೇ ರಟ್ಟಿನ ಡಬ್ಬಿಯಿಂದ ತೆಗೆದು ಮುಚ್ಚಳದ ಪಾತ್ರೆಯಲ್ಲಿ ಫ್ರಿಜ್ಜಿಗೆ ಸೇರಿಸಿ, ಮರುದಿನ ಮುಗಿಸಿ. ಬಿಸಿ ಇರುವಾಗಲೇ ಡಬ್ಬಿ ಬಿಗಿಯಾಗಿ ಮುಚ್ಚಿದರೆ ಹಬೆ ತಿರುಗಿ ತಳ ತೋಯುತ್ತದೆ, ಪಾರ್ಸಲ್ ಕಟ್ಟುವಾಗ ಒಂದು ಅಂಚು ತುಸು ತೆರೆದಿರಲಿ.

ಬಿಸಿ ಮಾಡಲು ಮೈಕ್ರೋವೇವ್ ಬೇಡ, ಚರ್ಮವಾಗುವುದು ಅದರಲ್ಲೇ. ರೊಟ್ಟಿ ಹಂಚು ತೆಗೆದುಕೊಳ್ಳಿ. ಎಣ್ಣೆ ಬೇಡ. ಸಣ್ಣ ಉರಿಯಲ್ಲಿ ಎರಡು ನಿಮಿಷ ಹಂಚು ಕಾಯಲಿ, ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಇಡಿ. ಎರಡು ನಿಮಿಷಕ್ಕೆ ತಳ ಗರಿಯಾಗತೊಡಗುತ್ತದೆ. ಆಗ ಹಂಚಿನ ಖಾಲಿ ಅಂಚಿಗೆ, ಪಿಜ್ಜಾಕ್ಕೆ ತಾಗದಂತೆ, ಅರ್ಧ ಚಮಚ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ. ಆ ಹಬೆಗೆ ಮೇಲಿನ ಚೀಸ್ ಮತ್ತೆ ಕರಗುತ್ತದೆ. ಒಂದೂವರೆ ನಿಮಿಷ ಬಿಟ್ಟು ಮುಚ್ಚಳ ತೆಗೆದು, ಅರ್ಧ ನಿಮಿಷ ಹಾಗೇ ಇಟ್ಟರೆ ತಳದ ತೇವ ಆರುತ್ತದೆ. ಇಷ್ಟೆಲ್ಲಕ್ಕೂ ಮೊದಲು ಹಂಚಿನ ಮೇಲೆ ಬೆಳಗಿನ ರೊಟ್ಟಿಯ ಹಿಟ್ಟು ಉಳಿದಿದ್ದರೆ ಒಣ ಬಟ್ಟೆಯಿಂದ ಒರೆಸಿಕೊಳ್ಳಿ, ಅದು ಹೊತ್ತಿ ಪಿಜ್ಜಾದ ತಳಕ್ಕೆ ಕಹಿ ಹತ್ತುತ್ತದೆ.